ಎಪ್ರಿಲ್ ತಿಂಗಳ ಮದುವೆ, ಏಳುನೂರು ಎಲೆ: ಕಸ ಉಳಿಯದಂತೆ ಮುಗಿಸುವುದು ಹೇಗೆ?

ಪ್ರಶ್ನೆ: ಪೆರ್ಲದ ಮದುಮಗಳು

ಎಲ್ಲರಿಗೂ ನಮಸ್ಕಾರ. ಬರುವ ಎಪ್ರಿಲ್ ಕೊನೆಯ ವಾರಕ್ಕೆ ನನ್ನ ಮದುವೆ ನಿಶ್ಚಯವಾಗಿದೆ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ. ಹುಡುಗನ ಮನೆ ಗಡಿಯ ಆಚೆ, ಕರ್ನಾಟಕದ ಪುತ್ತೂರಿನ ಹತ್ತಿರ. ಮದುವೆ ನಮ್ಮ ಮನೆಯಂಗಳದಲ್ಲಿಯೇ ಆಗಬೇಕೆಂಬುದು ನಮ್ಮಿಬ್ಬರ ಆಸೆ. ಹೇಳಿಕೆಯನ್ನು (ಆಮಂತ್ರಣವನ್ನು) ಎಷ್ಟು ಬಿಗಿ ಹಿಡಿದರೂ ಮಧ್ಯಾಹ್ನದ ಊಟಕ್ಕೆ ಏಳುನೂರು ಎಲೆ ಹಾಕಬೇಕಾಗುತ್ತದೆಂದು ಅಪ್ಪನ ಲೆಕ್ಕ.

ಕಳೆದ ವರ್ಷ ಅಪ್ಪಚ್ಚಿಯ ಮಗಳ ಮದುವೆ ಒಂದು ಸಭಾಭವನದಲ್ಲಿ ನಡೆಯಿತು. ಮರೆತು ಬಂದ ಹರಿವಾಣವೊಂದನ್ನು ತರಲೆಂದು ಮರುದಿನ ಬೆಳಗ್ಗೆ ನಾನು ಅಲ್ಲಿಗೆ ಹೋದಾಗ, ಭವನದ ಹಿಂಬದಿಯಲ್ಲಿ ಎಂಜಲೆಲೆಗಳ ರಾಶಿಯೊಳಗೆ ಐಸ್‌ಕ್ರೀಮಿನ ಕಪ್ಪುಗಳು, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು, ಮೇಜಿಗೆ ಹಾಸಿದ್ದ ತೆಳು ಪ್ಲಾಸ್ಟಿಕ್ ಎಲ್ಲವೂ ಬೆರೆತು ಬಿದ್ದಿದ್ದವು. ಒಂದು ದನ ಬಾಳೆಲೆಯ ಜೊತೆಗೆ ಆ ಪ್ಲಾಸ್ಟಿಕನ್ನೂ ಎಳೆದು ಜಗಿಯುತ್ತಿತ್ತು. ನಾನು ಹಿಡಿದೆಳೆದೆ, ಹೊರಗಿದ್ದಷ್ಟು ಕೈಗೆ ಬಂತು, ಉಳಿದದ್ದು ಅದರ ಬಾಯೊಳಗೇ ಹೋಯಿತು. ಹಿಂದಿನ ದಿನ ಆ ಊಟವನ್ನು ಬಡಿಸಿದವರಲ್ಲಿ ನಾನೂ ಒಬ್ಬಳು.

ಈಗ ಮದುವೆಯ ಅಲಂಕಾರ ವಹಿಸಿಕೊಳ್ಳುವವರೊಬ್ಬರು ನಮಗೆ ‘ಇಕೋ ಪ್ಯಾಕೇಜ್’ ಎಂಬ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಬಿತ್ತಿದರೆ ಗಿಡವಾಗುವ ಕಾಗದದ ಆಮಂತ್ರಣ, ಹೊರಗಿನಿಂದ ತರಿಸುವ ಬೆತ್ತದ ಮಂಟಪ, ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬಿದಿರಿನ ಚಮಚ, ಬಂದವರಿಗೆಲ್ಲ ಒಂದು ಸಸಿ. ಸಾಮಾನ್ಯ ಮದುವೆಗಿಂತ ಖರ್ಚು ಹೆಚ್ಚು, ಆದರೆ ಕಸ ನಿಜವಾಗಿ ಕಡಿಮೆಯಾಗುತ್ತದೆಯೇ ಎಂಬುದು ನನಗೆ ತಿಳಿಯುತ್ತಿಲ್ಲ.

ನನ್ನ ಮುಖ್ಯ ಚಿಂತೆ ನೀರಿನದ್ದು. ಬಾಟಲಿ ಬೇಡ, ಸ್ಟೀಲ್ ಲೋಟ ಇಡೋಣ ಎಂದರೆ ಅದನ್ನು ತೊಳೆಯಲು ನೀರು ಬೇಕು. ನಮ್ಮದು ಸುರಂಗದ ನೀರು, ಎಂದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದಾಗ ಒಸರುವ ನೀರು. ಎಪ್ರಿಲ್ ಕೊನೆಗೆ ಕಿರುಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ಬರಗಾಲದ ತಿಂಗಳಲ್ಲಿ ಲೋಟ ತೊಳೆಯುವುದು ಪರಿಸರಸ್ನೇಹಿ ಹೇಗಾದೀತು ಎಂದು ದೊಡ್ಡಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಾಟಲಿ ಇಡದಿದ್ದರೆ ಪುತ್ತೂರಿನವರು ಜಿಪುಣರೆಂದು ತಿಳಿದಾರೆಂಬುದು ಅವರ ಇನ್ನೊಂದು ಮಾತು.

ಹೂವಿನ ಬಗ್ಗೆಯೂ ತಿಳಿಸಿ. ಎರಡು ದಶಕಗಳ ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಹೂವಿನ ರಾಶಿಯಿಂದ ಮದ್ದಿನ ವಾಸನೆ ಬಂದರೆ ನನ್ನ ಅಜ್ಜಿ ಈಗಲೂ ಎದ್ದು ಹೋಗುತ್ತಾರೆ. ಪಂಚಾಯತಿಗೆ ಮೊದಲೇ ತಿಳಿಸಬೇಕೆಂದು ಯಾರೋ ಹೇಳಿದರು, ಅದು ನಿಜವೇ? ಮನೆಯಲ್ಲಿ ಮದುವೆ ನಡೆಸಿ ಅನುಭವ ಇರುವವರು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂಬುದನ್ನು ದಯವಿಟ್ಟು ಬರೆಯಿರಿ.


ಉತ್ತರ 1: ಅಡಿಗೆಯವನು, ನೀರ್ಚಾಲು

ತಂಗೀ, ನಾನು ಇಪ್ಪತ್ತು ವರ್ಷಗಳಿಂದ ಕುಂಬಳೆ ಸೀಮೆಯ ಜಂಬರಗಳಲ್ಲಿ (ಶುಭಕಾರ್ಯಗಳಲ್ಲಿ) ಅಡಿಗೆ ಮಾಡುತ್ತಿದ್ದೇನೆ. ನಿಮಗೆ ಬಂದ ಪಟ್ಟಿಯಲ್ಲಿ ಊಟದ ಲೆಕ್ಕವೇ ಇಲ್ಲವೆಂಬುದನ್ನು ಗಮನಿಸಿದಿರಾ? ಮದುವೆಮನೆಯಿಂದ ಹೊರಬೀಳುವ ವಸ್ತುಗಳಲ್ಲಿ ತೂಕಕ್ಕೆ ಹೆಚ್ಚು ಬರುವುದು ಅನ್ನ, ಸಾಂಬಾರು ಮತ್ತು ಎಲೆ. ಹಾಗಾಗಿ ಮೊದಲು ಆ ಏಳುನೂರನ್ನು ಸರಿಯಾಗಿ ಎಣಿಸಿ.

ಹೇಳಿಕೆಯ ಪಟ್ಟಿಯಲ್ಲಿ ಮನೆಯ ಹೆಸರಿನ ಎದುರು ‘ಎಷ್ಟು ಜನ’ ಎಂದು ಬರೆಯುವ ಕ್ರಮ ನಮ್ಮಲ್ಲಿ ಹೋಗಿಯೇ ಬಿಟ್ಟಿದೆ. ಮದುವೆಗೆ ನಾಲ್ಕು ದಿನ ಇರುವಾಗ ಮನೆಯವರೊಬ್ಬರು ಫೋನು ಹಿಡಿದು ಕುಳಿತು ಪ್ರತಿಯೊಂದು ಮನೆಯನ್ನೂ ಕೇಳಲಿ; ಹೀಗೆ ಕೇಳಿದಲ್ಲೆಲ್ಲ ಎಣಿಕೆ ಇಳಿದದ್ದನ್ನು ನಾನು ಕಂಡಿದ್ದೇನೆ, ಏರಿದ್ದು ಅಪರೂಪ. ಇನ್ನೊಂದು ವಿಷಯ: ಮರುದಿನ ಹುಡುಗನ ಮನೆಯಲ್ಲಿ ಸಟ್ಟುಮುಡಿಯ ಊಟ ಇದ್ದರೆ, ಅವರ ಕಡೆಯ ಎಷ್ಟೋ ನೆಂಟರು ಅಲ್ಲಿಗೆ ಮಾತ್ರ ಹೋಗುತ್ತಾರೆ. ಎರಡು ಮನೆಯವರೂ ಅದೇ ಜನರನ್ನು ತಮ್ಮ ತಮ್ಮ ಲೆಕ್ಕಕ್ಕೆ ಹಿಡಿದಿರುತ್ತಾರೆ. ಎರಡು ಪಟ್ಟಿಯನ್ನೂ ಒಂದೇ ಚಾವಡಿಯಲ್ಲಿ ಇಟ್ಟು ನೋಡಿದರೆ ಐವತ್ತು ಎಲೆಯಾದರೂ ಅಲ್ಲಿಯೇ ಕಡಿಮೆಯಾಗಬಹುದು.

ಪಾಯಸ, ಹೋಳಿಗೆ ಇರುವ ಊಟಕ್ಕೆ ನಾನು ನೂರು ಜನರಿಗೆ ಹತ್ತು ಕಿಲೋ ಅಕ್ಕಿ ಹಿಡಿಯುತ್ತೇನೆ. ಆದರೆ ಅಷ್ಟನ್ನೂ ಒಟ್ಟಿಗೆ ಬೇಯಿಸುವುದಿಲ್ಲ. ಮೊದಲ ಎರಡು ಹಂತಿಗೆ (ಊಟದ ಪಂಕ್ತಿಗೆ) ಬೇಕಾದಷ್ಟು ಮಾಡಿ, ಎರಡನೆಯ ಹಂತಿ ಕುಳಿತ ಕೂಡಲೇ ಚಪ್ಪರದಲ್ಲಿ ಉಳಿದವರ ತಲೆ ಎಣಿಸಲು ಒಬ್ಬ ಹುಡುಗನನ್ನು ಕಳುಹಿಸುತ್ತೇನೆ. ಆ ಎಣಿಕೆ ಬಂದ ಮೇಲೆಯೇ ಕೊನೆಯ ಕೊಪ್ಪರಿಗೆಗೆ ಅಕ್ಕಿ ಬೀಳುವುದು. ತೊಳೆದಿಟ್ಟ ಅಕ್ಕಿ ಉಳಿದರೆ ಮರುದಿನದ ದೋಸೆಗಾಗುತ್ತದೆ, ಬೆಂದ ಅನ್ನ ಉಳಿದರೆ ಎಪ್ರಿಲಿನ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಈ ಕ್ರಮಕ್ಕೆ ಯಜಮಾನರಿಗೆ ಸ್ವಲ್ಪ ಧೈರ್ಯ ಬೇಕು. ಮೂರನೆಯ ಹಂತಿಗೆ ಐದು ನಿಮಿಷ ತಡವಾದರೂ ಪರವಾಗಿಲ್ಲವೆಂದು ನಿಮ್ಮ ಅಪ್ಪ ಮೊದಲೇ ಒಪ್ಪಿರಬೇಕು.

ಬಗೆಗಳನ್ನು ಕಡಿಮೆ ಮಾಡಿ. ಎಂಜಲೆಲೆ ಎತ್ತುವಾಗ ನಾನು ನೋಡುವುದುಂಟು: ಮುಟ್ಟದೆ ಉಳಿಯುವುದು ಸಾಮಾನ್ಯವಾಗಿ ಎರಡನೆಯ ಪಲ್ಯ, ಪಲಾವು ಮತ್ತು ಎಣ್ಣೆಯಲ್ಲಿ ಕರಿದ ಯಾವುದೋ ಒಂದು. ಮೇಲಾರ, ಮೆಣಸ್ಕಾಯಿ ಉಳಿದದ್ದನ್ನು ಕಂಡಿಲ್ಲ. ಎಪ್ರಿಲ್ ಎಂದರೆ ಗುಜ್ಜೆ (ಎಳೆ ಹಲಸಿನಕಾಯಿ), ಹಲಸು, ಕಾಡುಮಾವು ಎಲ್ಲವೂ ಮನೆಬಾಗಿಲಲ್ಲಿ ಸಿಗುವ ಕಾಲ. ಅಟ್ಟದಲ್ಲಿ ಬಾಳೆನಾರಿಗೆ ಕಟ್ಟಿ ತೂಗುಹಾಕಿದ ಸೌತೆಕಾಯಿಯೂ ಇರುತ್ತದೆ. ಗುಜ್ಜೆ ಪಲ್ಯ, ಸೌತೆಯ ಹುಳಿ, ಕಾಡುಮಾವಿನ ಗೊಜ್ಜು, ಹಲಸಿನ ಹಣ್ಣಿನ ಪಾಯಸ ಎಂದು ಇಟ್ಟುಕೊಂಡರೆ ಊಟಿಯ ಕ್ಯಾರೆಟ್ಟು, ಕೋಸುಗಳ ಅಗತ್ಯವೇ ಬೀಳದು.

ಇನ್ನು ಎಲೆ. ಕೊಡಿ (ತುದಿಯ) ಬಾಳೆಲೆಯನ್ನು ಮದುಮಕ್ಕಳಿಗೂ ಹಿರಿಯರ ಹಂತಿಗೂ ಇಟ್ಟುಕೊಂಡು ಉಳಿದವರಿಗೆ ಕೀತು (ತುಂಡು ಮಾಡಿದ) ಬಾಳೆಲೆ ಹಾಕಿ. ಗೊನೆ ಬಿಡಬೇಕಾದ ಗಿಡದಿಂದ ನಾಲ್ಕಾರು ಎಲೆ ಕೊಯ್ದರೆ ಗೊನೆ ಸೊರಗುತ್ತದೆ, ಆದುದರಿಂದ ಗೊನೆ ಕಡಿದ ಗಿಡಗಳನ್ನು ಮೊದಲು ನೋಡಿ, ಸಾಲದ್ದನ್ನು ನೆರೆಯ ತೋಟಗಳಿಂದ ಕೇಳಿ ತನ್ನಿ.

ಬೆಳಗಿನ ಉಪಾಹಾರಕ್ಕೆ ಹಾಳೆ ತಟ್ಟೆ ಸಾಕು. ಬಿದ್ದ ಅಡಿಕೆ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ತಟ್ಟೆಗೆ ಅಂಟು ಬೇಕಿಲ್ಲ. ಒಳಮೈ ಮೂಸಿ ನೋಡಿ, ಬೂಷ್ಟಿನ ವಾಸನೆ ಇದ್ದರೆ ಹಿಂತಿರುಗಿಸಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು ಈ ತಟ್ಟೆಗಳ ಬಳಕೆಗೆ ಆಕ್ಷೇಪಿಸಿದಾಗ ನಮ್ಮ ಕೃಷಿಕರಿಗೆ ಬೇಸರವಾದದ್ದು ಸಹಜ. ಒಂದು ದಿನ ಅವಲಕ್ಕಿ, ಇಡ್ಲಿ ತಿನ್ನುವುದಕ್ಕೆ ನಾನು ಹೆದರುವುದಿಲ್ಲ. ಆದರೆ ಕುದಿಯುವ ಸಾರನ್ನು ಹಾಳೆ ದೊನ್ನೆಯಲ್ಲಿ ಬಹಳ ಹೊತ್ತು ಇಡುವ ಕ್ರಮವನ್ನು ಬಿಟ್ಟಿದ್ದೇನೆ.

ದೊಡ್ಡಪ್ಪನವರ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಹೀಗಿದೆ. ಮೂರು ದೊಡ್ಡ ಬಾಣಲೆ ಇಡಿ, ಒಂದೊಂದರಲ್ಲಿ ಎಂಬತ್ತು ಲೀಟರ್ ನೀರು. ಮೊದಲನೆಯದರಲ್ಲಿ ಅಂಟುವಾಳದ ನೀರು, ಎರಡನೆಯದರಲ್ಲಿ ಬರೀ ನೀರು, ಮೂರನೆಯದರಲ್ಲಿ ಕೈ ಹಾಕಲಾಗದಷ್ಟು ಬಿಸಿನೀರು. ಲೋಟಗಳನ್ನು ಬುಟ್ಟಿಯಲ್ಲಿಟ್ಟು ಕೊನೆಯದರಲ್ಲಿ ಮುಳುಗಿಸಿ ಎತ್ತಬೇಕು. ನಲ್ಲಿ ಬಿಟ್ಟು ತೊಳೆಯಲು ಯಾರನ್ನೂ ಬಿಡಬಾರದು. ಒಂದೊಂದು ಹಂತಿಗೆ ನೀರು ಬದಲಾಯಿಸಿದರೂ ಮೂರು ಹಂತಿಗೆ ಸಾವಿರ ಲೀಟರಿನೊಳಗೆ ಮುಗಿಯುತ್ತದೆ, ಮತ್ತು ಆ ನೀರು ಹಾಗೆಯೇ ಬಾಳೆಯ ಬುಡಕ್ಕೆ ಹೋಗುತ್ತದೆ. ಸುರಂಗದ ನೀರು ಕಿರುಬೆರಳಿನಷ್ಟೇ ಬಂದರೂ ಒಂದು ವಾರ ಮೊದಲಿನಿಂದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಇದಕ್ಕೆ ಸಾಕು. ಬಾಟಲಿಯ ನೀರೂ ಆಕಾಶದಿಂದ ಇಳಿದದ್ದಲ್ಲ, ಇನ್ನೊಂದು ಊರಿನ ಕೊಳವೆಬಾವಿಯಿಂದ ಎತ್ತಿದ್ದು. ಏಳುನೂರು ಜನ ಎರಡೆರಡು ಹಿಡಿದರೆ ಸಾವಿರದ ನಾನ್ನೂರು ಬಾಟಲಿ, ಅವುಗಳಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿಹೋಗುತ್ತದೆ.

ಕುಡಿಯಲು ಲಾವಂಚದ ಬೇರು ಹಾಕಿ ಕುದಿಸಿ ಆರಿಸಿದ ನೀರನ್ನು ಇಡಿ, ಚಪ್ಪರದ ಬಾಗಿಲಲ್ಲಿ ಬೆಲ್ಲ ಮತ್ತು ನೀರು ಕೊಡಿ. ಪುತ್ತೂರಿನವರು ಜಿಪುಣರೆಂದು ತಿಳಿಯುವುದಿಲ್ಲ, ಅವರಿಗೂ ಅಜ್ಜನ ಮನೆ ನೆನಪಾಗುತ್ತದೆ.


ಉತ್ತರ 2: ಹಸಿರು ಕ್ರಿಯಾ ಸೇನೆಯ ಅಕ್ಕ

ನಾನು ನಿಮ್ಮ ನೆರೆಯ ಪಂಚಾಯತೊಂದರಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಕೆಲಸದಲ್ಲಿದ್ದೇನೆ. ಮಲಯಾಳದಲ್ಲಿ ಹರಿತ ಕರ್ಮ ಸೇನೆ ಎನ್ನುತ್ತಾರಲ್ಲ, ಅದೇ. ಮದುವೆ ಮುಗಿದ ಮೇಲೆ ಗೋಣಿಚೀಲದ ಬಾಯಿ ಬಿಚ್ಚುವವರು ನಾವು.

ನೀವು ಕೇಳಿದ ನಿಯಮ ನಿಜ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ ಮೂರು ದಿನ ಮೊದಲು ಪಂಚಾಯತಿಗೆ ತಿಳಿಸಿ, ಕಸ ಒಯ್ಯುವುದಕ್ಕೆ ನಿಗದಿಯಾದ ಶುಲ್ಕವನ್ನು ಕಟ್ಟಬೇಕು. ಮನೆಯಂಗಳದ ಮದುವೆಗೂ ಇದು ಅನ್ವಯಿಸುತ್ತದೆ. ಮೂರು ದಿನವೆಂದು ಕಾಯದೆ ಎರಡು ವಾರ ಮೊದಲೇ ಹೋಗಿ, ಏಕೆಂದರೆ ಮುಹೂರ್ತ ಒಳ್ಳೆಯದಿರುವ ದಿನ ಒಂದೇ ವಾರ್ಡಿನಲ್ಲಿ ನಾಲ್ಕು ಮದುವೆ ಇರುತ್ತದೆ, ಗಾಡಿ ಒಂದೇ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಕಚೇರಿಯ ಗೋಡೆಯ ಮೇಲಿನ ಸೂಚನೆ ಮಲಯಾಳದಲ್ಲಿ ಮಾತ್ರ ಇದ್ದರೂ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇಲ್ಲಿನ ಕನ್ನಡಿಗರಿಗೆ ಇದೆ, ಮತ್ತು ಅದನ್ನು ಬಳಸದಿದ್ದರೆ ಕನ್ನಡದ ನಮೂನೆ ಕೇಳುವವರೇ ಇಲ್ಲವೆಂದು ಬರೆದಿಟ್ಟುಬಿಡುತ್ತಾರೆ.

ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ವಸ್ತುಗಳಿಗೆ ಕೇರಳದಲ್ಲಿ 2020ರ ಜನವರಿಯಿಂದ ನಿಷೇಧವಿದೆ. ದೇಶದಾದ್ಯಂತ 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮೋಕೋಲು, ಆಮಂತ್ರಣ ಪತ್ರಕ್ಕೆ ಸುತ್ತುವ ಪ್ಲಾಸ್ಟಿಕ್ ಪೊರೆ ಇವೆಲ್ಲ ನಿಂತವು. ಮದುವೆ ಸಭಾಂಗಣಗಳಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ನಿಲ್ಲಿಸುವಂತೆ ಕೇರಳ ಹೈಕೋರ್ಟು 2025ರಲ್ಲಿ ಆದೇಶಿಸಿದೆ. ಹುಡುಗನ ಕಡೆಯವರು ಗಡಿಯ ಆಚೆಯಿಂದ ಬರುವುದರಿಂದ ಇದನ್ನು ಅವರಿಗೂ ಮೊದಲೇ ಹೇಳಿಡಿ. ದಿಬ್ಬಣದ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಬಾಟಲಿ ತಂದು ಇಳಿಸಿದರೆ ನಿಮ್ಮ ತಯಾರಿ ಅಷ್ಟಕ್ಕೇ ನಿಂತಿತು.

ನಮಗೆ ನಿಜವಾಗಿ ಕಷ್ಟ ಕೊಡುವುದು ಬಾಟಲಿಯಲ್ಲ. ಬಾಟಲಿ ಒಣಗಿರುತ್ತದೆ, ಎಣಿಸಿ ಕಟ್ಟಬಹುದು. ಕಷ್ಟ ಕೊಡುವುದು ‘ಪರಿಸರಸ್ನೇಹಿ’ ಎಂದು ಕಾಣುವ ವಸ್ತುಗಳು. ಕಾಗದದ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ. ಚಹಾ ಸೋರದೆ ನಿಲ್ಲುವುದು ಅದರಿಂದಲೇ. ಅದು ಗೊಬ್ಬರವಾಗುವುದಿಲ್ಲ, ಪಾಯಸ ಮೆತ್ತಿದ ಮೇಲೆ ಗುಜರಿಗೂ ಹೋಗುವುದಿಲ್ಲ. ತಾಂಬೂಲಕ್ಕೆ ಕೊಡುವ, ಬಟ್ಟೆಯಂತೆ ಕಾಣುವ ಬಣ್ಣದ ಚೀಲವೂ ಬಟ್ಟೆಯಲ್ಲ. ಅಂಗಡಿಯಲ್ಲಿ ನಂಬಿಕೆ ಬಾರದಿದ್ದರೆ ಅದರ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಯ ಹತ್ತಿರ ಹಿಡಿಯಿರಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಅದು ಮಾತ್ರ ಸುರುಟಿ ಕರಗಿ ಮಣಿಯಾಗುತ್ತದೆ. ಮದುಮಕ್ಕಳ ಮೇಲೆ ಸಿಡಿಸುವ ಮಿನುಗು ಚೂರುಗಳನ್ನಂತೂ ಅಂಗಳದ ಮಣ್ಣಿನಿಂದ ಹೆಕ್ಕಲು ಯಾರಿಂದಲೂ ಸಾಧ್ಯವಿಲ್ಲ. ಮಳೆ ಬಂದ ಮೇಲೆ ಅವು ತೋಡಿಗೆ ಹೋಗುತ್ತವೆ. ಹೂಹಾರದ ನೈಲಾನ್ ದಾರವನ್ನು ಬಿಡಿಸುವಾಗ ನನ್ನ ಬೆರಳು ಎಷ್ಟೋ ಸಲ ಸೀಳಿದೆ.

ಕೈತೊಳೆಯುವ ಜಾಗದ ಹತ್ತಿರ ಮೂರು ಪಾತ್ರೆ ಇಡಿ: ಎಲೆ ಮತ್ತು ಅನ್ನಕ್ಕೆ ಒಂದು, ಒಣ ಕಾಗದಕ್ಕೆ ಒಂದು, ತಪ್ಪಿಸಲಾಗದೆ ಬಂದ ಪ್ಲಾಸ್ಟಿಕ್ಕಿಗೆ ಒಂದು. ಬರೀ ಫಲಕ ತೂಗುಹಾಕಿದರೆ ಯಾರೂ ಓದುವುದಿಲ್ಲ. ಸುಧರಿಕೆಗೆ (ಬಡಿಸುವ, ಓಡಾಡುವ ಕೆಲಸಕ್ಕೆ) ಬರುವ ಹುಡುಗರಲ್ಲಿ ಮಾತು ಬಲ್ಲ ಇಬ್ಬರನ್ನು ಅಲ್ಲಿಯೇ ನಿಲ್ಲಿಸಿ, ಒಬ್ಬರು ಊಟ ಮಾಡುವಾಗ ಇನ್ನೊಬ್ಬರು ಇರಲಿ. ಏಳುನೂರು ಜನರ ಕಸವನ್ನು ಮರುದಿನ ಬೇರ್ಪಡಿಸಲು ನಮ್ಮಂಥ ನಾಲ್ವರಿಗೆ ಒಂದು ಇಡೀ ದಿನ ಬೇಕು, ಅದೇ ಕ್ಷಣದಲ್ಲಿ ಬೇರೆಬೇರೆಯಾಗಿ ಬಿದ್ದರೆ ಅರ್ಧ ಗಂಟೆಯಲ್ಲಿ ಗಾಡಿ ಹೊರಡುತ್ತದೆ.

ತೋಟದ ಮೂಲೆಯಲ್ಲಿ ರಾತ್ರಿ ಬೆಂಕಿ ಕೊಟ್ಟುಬಿಡೋಣ ಎಂದು ಹೇಳುವ ಮಾವಂದಿರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣವಾದರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠ 2016ರಲ್ಲಿಯೇ ಹೇಳಿದೆ. ಆ ಹೊತ್ತಿಗೆ ಅವರಿಗೆ ಇದನ್ನು ನೆನಪಿಸಲು ಒಬ್ಬರನ್ನು ಗೊತ್ತುಮಾಡಿಡಿ.


ಉತ್ತರ 3: ಉಪ್ಪಳದಿಂದ

ನಮ್ಮ ತಮ್ಮನ ನಿಕಾಹ್ ಕಳೆದ ಡಿಸೆಂಬರಿನಲ್ಲಿ ಇದೇ ರೀತಿ ನಡೆಯಿತು. ನಮ್ಮದು ಮಾಂಸದ ಊಟವಾದುದರಿಂದ ಅಂಥ ಮನೆಗಳವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಕೋಳಿಯನ್ನು ಮನೆಗೆ ತಂದು ಕೊಯ್ಯಲಿಲ್ಲ, ಅಂಗಡಿಯಲ್ಲಿಯೇ ಶುಚಿಮಾಡಿಸಿ ತಂದೆವು. ಗರಿ, ಕರುಳುಗಳನ್ನು ಸಂಸ್ಕರಣಾ ಘಟಕಕ್ಕೆ ಕಳುಹಿಸುವ ವ್ಯವಸ್ಥೆ ಅವರಿಗೆ ಇದ್ದೇ ಇರುತ್ತದೆ. ಎಲುಬುಗಳನ್ನು ಎಲೆಯ ಗುಂಡಿಗೆ ಹಾಕಬೇಡಿ, ರಾತ್ರಿ ನಾಯಿಗಳು ಅಗೆದು ಹತ್ತು ಮನೆಯಂಗಳಕ್ಕೆ ಹಂಚುತ್ತವೆ. ಬೇರೆ ಗುಂಡಿ ತೋಡಿ, ಮೇಲೆ ಮೊಣಕಾಲುದ್ದ ಮಣ್ಣು ಮತ್ತು ಒಂದು ಕಲ್ಲುಚಪ್ಪಡಿ ಇಟ್ಟೆವು.

ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕೈದು ಜನ ಕುಳಿತು ಉಣ್ಣುವ ನಮ್ಮ ಹಿರಿಯರ ಪದ್ಧತಿಯನ್ನು ಮರಳಿ ತಂದೆವು. ತೊಳೆಯುವ ತಟ್ಟೆ ಐದರಲ್ಲಿ ಒಂದು ಪಾಲಾಯಿತು, ಬಿರಿಯಾನಿ ತಟ್ಟೆಯಲ್ಲಿ ಉಳಿದದ್ದೂ ಕಡಿಮೆ, ಏಕೆಂದರೆ ಪಕ್ಕದವರು ನೋಡುತ್ತಿರುವಾಗ ಯಾರೂ ಅತಿಯಾಗಿ ಬಡಿಸಿಕೊಳ್ಳುವುದಿಲ್ಲ.

ತಪ್ಪಿದ್ದು ಒಂದು ಕಡೆ. ಬಾಟಲಿಯ ಬದಲು ಇಪ್ಪತ್ತು ಲೀಟರಿನ ಕ್ಯಾನುಗಳನ್ನು ತರಿಸಿದ್ದೆವು, ಖಾಲಿಯಾದಾಗ ಬದಲಾಯಿಸುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ರಾತ್ರಿ ಎಂಟೂವರೆಗೆ ಹೆಂಗಸರ ಕಡೆಯ ನೀರು ಪೂರ್ತಿ ಮುಗಿದು, ನನ್ನ ಮಾವ ಅಂಗಡಿಗೆ ಓಡಿ ಇನ್ನೂರು ಬಾಟಲಿ ತಂದರು. ಮರುದಿನ ಎಲ್ಲರ ಬಾಯಲ್ಲಿಯೂ ಆ ಇನ್ನೂರು ಬಾಟಲಿಯ ಕತೆಯೇ. ನೀರಿಗೆಂದೇ ಇಬ್ಬರನ್ನು ನೇಮಿಸಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ.


ಉತ್ತರ 4: ತೋಟದ ಮಾವ, ಮುಳ್ಳೇರಿಯ

ಮಗಳೇ, ಚಪ್ಪರದ ಬಗ್ಗೆ ನೀನು ಹೆಚ್ಚು ಕೇಳಲಿಲ್ಲ, ಆದರೆ ನಾನು ಹೇಳಬಲ್ಲದ್ದು ಅದೊಂದೇ.

ಅಡಿಕೆ ಮರದ ಕಂಬ, ಸಲಿಕೆ (ಅಡಿಕೆ ಮರದ ಸೀಳು), ಮೇಲೆ ಹೆಣೆದ ತೆಂಗಿನ ಮಡಲು (ಗರಿ): ಇದಕ್ಕೆ ತಗಡು, ಪ್ಲಾಸ್ಟಿಕ್ ಟರ್ಪಾಲುಗಳಿಗಿಂತ ಸೆಕೆ ಎಷ್ಟೋ ಕಡಿಮೆ, ಎಪ್ರಿಲಿನ ಮಧ್ಯಾಹ್ನವೂ ಫ್ಯಾನು ನಾಲ್ಕರ ಬದಲು ಎರಡು ಸಾಕು. ಮದುವೆ ಮುಗಿದ ಮೇಲೆ ಮಡಲು ಅಡಿಕೆಯ ಬುಡಕ್ಕೆ ಮುಚ್ಚಿಗೆಯಾಗುತ್ತದೆ, ಸಲಿಕೆ ಬೇಲಿಗಾಗುತ್ತದೆ. ಕಂಬಕ್ಕೆ ಗಾಳಿಗೆ ಬಿದ್ದ ಮರ, ಒಣಗಿದ ಮರ ಇದ್ದರೆ ಅದನ್ನೇ ನೋಡಿ. ಮಡಲು ಹೆಣೆಯುವವರು ಈಗ ಬೆರಳೆಣಿಕೆಯಷ್ಟು ಮಂದಿ, ಆದುದರಿಂದ ಫೆಬ್ರವರಿಯಲ್ಲಿಯೇ ಹೇಳಿಡಬೇಕು. ಆದರೆ ಅಡಿಗೆಯ ಚಪ್ಪರಕ್ಕೆ ಮಾತ್ರ ತಗಡನ್ನು ಬಾಡಿಗೆಗೆ ತರಿಸು. ಒಣಗಿದ ಮಡಲಿನ ಕೆಳಗೆ ಹೋಳಿಗೆಯ ಒಲೆ ಇಡುವುದು ಅಪಾಯ. ಬಿಸಿಯಾಗುವ ಹ್ಯಾಲೊಜನ್ ದೀಪವನ್ನೂ ಮಡಲಿಗೆ ತಾಗಿಸಿ ಕಟ್ಟಬಾರದು. ಎರಡು ಪೀಪಾಯಿ ನೀರು ಮೂಲೆಯಲ್ಲಿ ಇರಲಿ.

ಅಲಂಕಾರಕ್ಕೆ ತೆಂಗಿನ ಸಿರಿ (ಎಳೆಯ ಗರಿ), ಹಿಂಗಾರ (ಅಡಿಕೆಯ ಹೂಗೊಂಚಲು) ಸಾಕೆಂದು ಈಗಿನವರು ಸುಲಭವಾಗಿ ಬರೆಯುತ್ತಾರೆ. ತೆಂಗಿನ ಎಳೆಯ ಗರಿಯನ್ನು ಎಳೆದು ತೆಗೆದರೆ ಮರಕ್ಕೆ ಪೆಟ್ಟು; ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಕಡಿಯಲೆಂದೇ ಇಟ್ಟ ಮರವಿದ್ದರೆ ಅದರಿಂದ ಮಾತ್ರ ತೆಗೆಯಿರಿ. ಒಂದು ಹಿಂಗಾರವೆಂದರೆ ಒಂದು ಗೊನೆ ಅಡಿಕೆ. ಧಾರೆಯ ಮಂಟಪಕ್ಕೆ ನಾಲ್ಕು ಹಿಂಗಾರ ಇಟ್ಟರೆ ಚೆಂದ, ದಾರಿಯುದ್ದಕ್ಕೂ ನಲವತ್ತು ಕಟ್ಟಿದರೆ ಅದು ತೋಟಗಾರನ ಹೊಟ್ಟೆಗೆ ಹೊಡೆದಂತೆ. ಮಾವಿನ ಎಲೆ, ಗೊನೆ ಸಹಿತ ಬಾಳೆ, ಗುಡ್ಡೆಯ ಕೇಪಳ ಇವುಗಳಿಗೆ ಯಾವ ಬರವೂ ಇಲ್ಲ.

ನಿನ್ನ ಅಜ್ಜಿಯ ಚಿಂತೆ ಸರಿಯಾದದ್ದೇ. ದೂರದಿಂದ ಲಾರಿಯಲ್ಲಿ ಬರುವ ಗೊಂಡೆಹೂವಿಗೆ ಏನು ಹೊಡೆದಿದ್ದಾರೆಂದು ನೋಡಿ ಹೇಳುವುದು ಯಾರಿಂದಲೂ ಆಗದು. ಮುಡಿಯುವ ಹೂವಿಗೆ ಗುರುತಿನ ಬೆಳೆಗಾರರನ್ನು ಹಿಡಿ. ಉಡುಪಿಯ ಕಡೆಯ ಶಂಕರಪುರ ಮಲ್ಲಿಗೆಯ ಲೆಕ್ಕ ಅಟ್ಟೆಯಲ್ಲಿ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದನ್ನು ಕಟ್ಟುವುದು ಬಾಳೆನಾರಿನಲ್ಲಿ, ಸುತ್ತುವುದು ಬಾಳೆಲೆಯಲ್ಲಿ. ಎರಡನೆಯ ಉತ್ತರ ಬರೆದ ಅಕ್ಕನ ಬೆರಳನ್ನು ಅದು ಸೀಳುವುದಿಲ್ಲ. ಮದುವೆಗಳ ಸಮಯದಲ್ಲಿ ದರ ಏರುವುದರಿಂದ, ಬಂದವರಿಗೆಲ್ಲ ಹಂಚುವ ಬದಲು ಮದುಮಗಳಿಗೂ ಹತ್ತಿರದ ಹೆಂಗಸರಿಗೂ ಸಾಕಾಗುವಷ್ಟು ತರಿಸುವುದು ಒಳ್ಳೆಯದು.

ಸಸಿ ಹಂಚುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡು. ಎಪ್ರಿಲ್ ಕೊನೆಗೆ ಕೊಟ್ಟ ಸಸಿ ಮಳೆ ಹಿಡಿಯುವವರೆಗೆ, ಎಂದರೆ ಐದಾರು ವಾರ, ಯಾರದೋ ಜಗಲಿಯ ಮೂಲೆಯಲ್ಲಿ ಒಣಗುತ್ತದೆ. ಉಳಿಯುವುದು ಅದರ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಮಾತ್ರ. ಏಳುನೂರು ತೊಟ್ಟೆ! ಬೇಕೇ ಬೇಕೆಂದಾದರೆ ಜೂನಿನಲ್ಲಿ ಕೇಳಿದವರ ಮನೆಗೆ ಒಯ್ದು ಕೊಡಿ. ಬಿತ್ತುವ ಕಾಗದದ ಆಮಂತ್ರಣವೂ ಅದೇ ಜಾತಿಯದು. ಹತ್ತಿರದವರ ಮನೆಗೆ ನೀವೇ ಹೋಗಿ ಹೇಳಿ, ದೂರದವರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ದೇವರ ಮುಂದೆ ಇಡುವುದಕ್ಕೂ ಹಿರಿಯರಿಗೂ ಐವತ್ತು ಸಾದಾ ಕಾಗದದ ಪ್ರತಿ ಅಚ್ಚುಹಾಕಿಸಿದರೆ ಸಾಕು.

ಸೀರೆಯ ವಿಷಯದಲ್ಲಿ ನನಗೆ ಹೆಚ್ಚು ತಿಳಿಯದು. ನಮ್ಮ ಮನೆಯಾಕೆ ಹೇಳುವ ಪ್ರಕಾರ ಉಡುಗೊರೆಗೆ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಒಳ್ಳೆಯದು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ನೇಕಾರರ ಸಹಕಾರ ಸಂಘದಿಂದ ನೇರವಾಗಿ ಕೊಳ್ಳಬಹುದು, ಮತ್ತು ಮುಖ್ಯವಾಗಿ ಜನ ಅದನ್ನು ಮದುವೆ ಮುಗಿದ ಮೇಲೆಯೂ ಉಡುತ್ತಾರೆ.

ದಿಬ್ಬಣಕ್ಕೆ ಬಸ್ಸು ಮಾಡಿಸಿ. ನಲವತ್ತು ಜನ ಹತ್ತು ಕಾರುಗಳಲ್ಲಿ ಬಂದರೆ ನಿಮ್ಮ ಓಣಿಯಲ್ಲಿ ನಿಲ್ಲಿಸಲು ಜಾಗವೂ ಇರಲಾರದು. ಪುತ್ತೂರಿನ ಬಸ್ಸು ಅಡ್ಯನಡ್ಕ ದಾಟಿ ಅಡ್ಕಸ್ಥಳದಲ್ಲಿ ಕೇರಳಕ್ಕೆ ಬರಬೇಕಾದರೆ ಆ ದಿನದ ಪರ್ಮಿಟ್ಟು, ತೆರಿಗೆ ಮೊದಲೇ ಆಗಿರಬೇಕೆಂದು ಬೀಗರಿಗೆ ನೆನಪಿಸು. ಮುಹೂರ್ತದ ಹೊತ್ತಿಗೆ ಮದುಮಗ ಗಡಿಯಲ್ಲಿ ನಿಂತದ್ದನ್ನು ನಾನು ಒಂದು ಸಲ ಕಂಡಿದ್ದೇನೆ.


ಮರುಪ್ರಶ್ನೆ: ಪೆರ್ಲದ ಮದುಮಗಳು

ಎಲ್ಲರಿಗೂ ಕೃತಜ್ಞತೆಗಳು. ಮೂರು ಬಾಣಲೆಯ ಲೆಕ್ಕವನ್ನು ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ನಿನ್ನೆ ಸಂಜೆ ಸುರಂಗದ ಬಾಯಿಗೆ ಕೊಡಪಾನ ಇಟ್ಟು, ಅದು ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದುಕೊಂಡಿದ್ದಾರೆ. ಒಪ್ಪಿದ್ದಾರೆಂದೇ ನಾನು ತಿಳಿಯುತ್ತೇನೆ. ಸಸಿಯನ್ನೂ ಕಾಗದವನ್ನೂ ಕೈಬಿಟ್ಟೆವು. ಇನ್ನು ಉಳಿದದ್ದು ಎರಡೇ. ಎಷ್ಟು ಎಚ್ಚರ ವಹಿಸಿದರೂ ಉಳಿಯುವ ಅನ್ನ, ಪಾಯಸಗಳನ್ನು ನಮ್ಮ ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಬಹುದೇ? ಲೋಟ ತೊಳೆಯಲು ಜನ ಎಲ್ಲಿಂದ?


ಉತ್ತರ 5: ಅಡಿಗೆಯವನು, ನೀರ್ಚಾಲು

ಗೋಬರ್ ಗ್ಯಾಸಿಗೆ ಒಂದೇ ದಿನ ಸುರಿಯಬೇಡಿ. ದನದ ಸೆಗಣಿಗೆ ಒಗ್ಗಿದ ತೊಟ್ಟಿಗೆ ಒಮ್ಮೆಲೇ ಅನ್ನ, ಸಿಹಿ ಬಿದ್ದರೆ ಒಳಗೆ ಹುಳಿಯೇರಿ ಗ್ಯಾಸು ವಾರಗಟ್ಟಲೆ ನಿಂತುಹೋಗುತ್ತದೆ. ದಿನಕ್ಕೆ ಒಂದು ಬಕೆಟಿನಷ್ಟು, ಸೆಗಣಿನೀರಿನಲ್ಲಿ ಕಲಸಿ ಹಾಕಬಹುದು. ದನಗಳಿಗೂ ಅನ್ನವನ್ನು ಮಿತಿಮೀರಿ ಇಡಬಾರದು, ಹೊಟ್ಟೆಯುಬ್ಬರ ಬಂದು ಸತ್ತ ದನಗಳಿವೆ. ಉಳಿದದ್ದನ್ನು ಎಲೆಯ ಜೊತೆಗೆ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನಡುನಡುವೆ ಒಣ ಅಡಿಕೆಸೋಗೆ ಮತ್ತು ಸೆಗಣಿನೀರು ಕೊಟ್ಟರೆ ಮಳೆಗಾಲಕ್ಕೆ ಗೊಬ್ಬರ ಸಿದ್ಧ. ಮುಟ್ಟದ ಅನ್ನ, ಸಾಂಬಾರನ್ನು ಯಾರಿಗಾದರೂ ಕೊಡುವುದಿದ್ದರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಬಿಸಿಯಿರುವಾಗಲೇ ಕೊಟ್ಟುಬಿಡಿ, ತೆಂಗಿನ ಹಾಲಿನ ಪಾಯಸವನ್ನು ಯಾರಿಗೂ ಸಂಜೆಗೆಂದು ಕಳುಹಿಸಬೇಡಿ.

ಲೋಟಕ್ಕೆ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಹೆಂಗಸರನ್ನು ಕೇಳಿ, ಕೂಲಿ ಮಾತಾಡಿಯೇ ಕರೆಯಿರಿ. ಬಾಟಲಿಗೆ ಕೊಡುತ್ತಿದ್ದ ಹಣದಲ್ಲಿ ಅದು ಹೊಂದುತ್ತದೆ. ಬಾಣಲೆಗೆ ಇಬ್ಬರಂತೆ ಆರು ಜನ, ನೀರಿಗೆ ಇಬ್ಬರು, ಕೈತೊಳೆಯುವಲ್ಲಿ ಇಬ್ಬರು, ಎಲೆ ಎತ್ತುವವರು ನಾಲ್ವರು. ಕೊನೆಯ ಹಂತಿ ಎದ್ದ ಮೇಲೆ ಊಟಕ್ಕೆ ಕೂರುವವರು ಇವರು, ಮತ್ತು ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮ ಅಪ್ಪನವರ ಏಳುನೂರರಲ್ಲಿ ಈ ಹದಿನಾಲ್ಕು ಎಲೆ ಸೇರಿದೆಯೋ ಇಲ್ಲವೋ ಎಂದು ಇವತ್ತೇ ಕೇಳಿ ನೋಡಿ.